ಅಪ್‌ಡೇಟ್ ಆದ್ಮೇಲೆ ನ್ಯಾಸ್ ಏಳ್ತಿಲ್ವಾ? ಡಿಸ್ಕ್ ಒಳಗಿನ ಡೇಟಾ ಹುಷಾರಾಗಿ ಈಚೆ ತೆಗೆಯೋ ಬಗೆ

ನ್ಯಾಸ್‌ಗೆ, ಅಂದ್ರೆ ಮನೆ, ಆಫೀಸಿನ ನೆಟ್‌ವರ್ಕ್‌ಗೆ ಸೇರಿಸಿ ಎಲ್ಲರೂ ಫೈಲ್ ಇಟ್ಕೊಳೋ ಹಾರ್ಡ್ ಡಿಸ್ಕ್ ಪೆಟ್ಟಿಗೆಗೆ, ಅಪ್‌ಡೇಟ್ ಕೊಟ್ರಿ, ಅರ್ಧಕ್ಕೆ ಕರೆಂಟ್ ಹೋಯ್ತು ಅಥವಾ ಅದೇ ಎಲ್ಲೋ ಸಿಕ್ಕಾಕ್ಕೊಂಡ್ತು, ಈಗ ಲೈಟ್ ಮಿಣಮಿಣ ಅಂತ ಬ್ಲಿಂಕ್ ಆಗ್ತಾನೇ ಇದೆ, ಬ್ರೌಸರ್‌ನಲ್ಲಿ ಪೇಜ್ ತೆರೀತಿಲ್ಲ, ಕಂಪ್ಯೂಟರ್‌ನಲ್ಲಿ ಮ್ಯಾಪ್ ಮಾಡಿದ್ದ ಡ್ರೈವ್ ಮೇಲೆ ಕೆಂಪು ಇಂಟು ಮಾರ್ಕ್ ಬಂದು ಕೂತಿದೆ. ಈ ಸ್ಥಿತಿಲಿ ಇರೋರಿಗೆ ನಾನು ಹೇಳೋ ಮೊದಲನೇ ಮಾತು, ನಿಮ್ಮ ಡೇಟಾ ಬಹುತೇಕ ಅಲ್ಲೇ ಇದೆ. ಅಪ್‌ಡೇಟ್ ಫೇಲ್ ಆಗಿದ್ದಕ್ಕೇ ಡೇಟಾ ಹೋಗೋದು ತುಂಬಾ ಕಮ್ಮಿ, ಅದಾದ್ಮೇಲೆ ಗಾಬರಿ ಬಿದ್ದು ಕಂಡ ಕಂಡ ಬಟನ್ ಒತ್ತೋದ್ರಿಂದ ಹೋಗೋದೇ ಜಾಸ್ತಿ.

ನಮ್ಮ ತುಮಕೂರಲ್ಲಿ ನನಗೆ ಗೊತ್ತಿರೋ ಹಾಗೆ ನ್ಯಾಸ್ ಇಟ್ಕೊಂಡಿರೋರಲ್ಲಿ ಫೋಟೋ ಸ್ಟುಡಿಯೋದವರು ಜಾಸ್ತಿ, ಆಮೇಲೆ ಆಡಿಟರ್ ಆಫೀಸು, ಡ್ರಾಯಿಂಗ್ ಮಾಡೋ ಇಂಜಿನಿಯರ್‌ಗಳು, ಮನೆಲಿ ಮಕ್ಕಳ ಫೋಟೋ ವಿಡಿಯೋ ಎಲ್ಲಾ ಒಂದೇ ಕಡೆ ಇರ್ಲಿ ಅಂತ ತಗೊಂಡಿರೋರು. ಎಲ್ಲರ ಹತ್ರಾನೂ ಇರೋ ತಪ್ಪು ಕಲ್ಪನೆ ಒಂದೇ, ಎರಡು ಡಿಸ್ಕ್ ಹಾಕಿದೀನಲ್ಲ, ಒಂದು ಹೋದ್ರೆ ಇನ್ನೊಂದಿದೆ, ಅದೇ ಬ್ಯಾಕಪ್ ಅಂತ. ಅದು ಬ್ಯಾಕಪ್ ಅಲ್ಲ, ಅದರ ಬಗ್ಗೆ ಆಮೇಲೆ ಬರ್ತೀನಿ, ಮೊದಲು ಬೆಂಕಿ ಆರಿಸೋಣ.

ಮೊದಲು ಕಾಯಿರಿ. ಅಪ್‌ಡೇಟ್ ಸಾಮಾನ್ಯವಾಗಿ ಹತ್ತರಿಂದ ಮೂವತ್ತು ನಿಮಿಷ ತಗೊಳ್ಳತ್ತೆ, ಹಳೇ ಮಾಡೆಲ್ ಆಗಿ ದೊಡ್ಡ ವರ್ಷನ್ ಜಂಪ್ ಆದ್ರೆ ಇನ್ನೂ ಹೆಚ್ಚು. ಪೇಜ್ ಬರ್ತಿಲ್ಲ ಅಂತ ಐದೇ ನಿಮಿಷಕ್ಕೆ ಸ್ವಿಚ್ ಆಫ್ ಮಾಡಿದ್ರೆ ಚೆನ್ನಾಗಿ ನಡೀತಿದ್ದ ಅಪ್‌ಡೇಟನ್ನ ನೀವೇ ಕೆಡಿಸಿದ ಹಾಗೆ. ಒಂದು ಗಂಟೆ ಬಿಡಿ. ಕಿವಿ ಇಟ್ಟು ಕೇಳಿ, ಡಿಸ್ಕ್ ಕೆಲಸ ಮಾಡೋ ಸಣ್ಣ ಸದ್ದು ಬರ್ತಾ ಇದ್ರೆ ಇನ್ನೂ ಬಿಡಿ.

ಎಷ್ಟೋ ಸಲ ನ್ಯಾಸ್ ಸತ್ತೇ ಇರಲ್ಲ. ಅಪ್‌ಡೇಟ್ ಆದ್ಮೇಲೆ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸದ ನಂಬರ್) ಬದಲಾಗಿರತ್ತೆ ಅಷ್ಟೇ, ನೀವು ಹಳೇ ಐಪಿ ಹೊಡೀತಾ ಕೂತಿರ್ತೀರ. ರೌಟರ್ ಪೇಜ್‌ಗೆ ಹೋಗಿ ಕನೆಕ್ಟ್ ಆಗಿರೋ ಡಿವೈಸ್‌ಗಳ ಲಿಸ್ಟ್ ನೋಡಿ, ಅಲ್ಲಿ ಹೊಸ ಐಪಿಲಿ ಕೂತಿರಬಹುದು. ನಿಮ್ಮದು ಸಿನಾಲಜಿ ಕಂಪನಿದು ಆದ್ರೆ ಸಿನಾಲಜಿ ಅಸಿಸ್ಟೆಂಟ್, ಕ್ಯೂನ್ಯಾಪ್ ಕಂಪನಿದು ಆದ್ರೆ ಕ್ಯೂಫೈಂಡರ್ ಅನ್ನೋ ಸಾಫ್ಟ್‌ವೇರ್ ಇದೆ, ಅದನ್ನ ಓಡಿಸಿದ್ರೆ ನೆಟ್‌ವರ್ಕ್‌ನಲ್ಲಿ ಹುಡುಕಿ ತೋರಿಸತ್ತೆ. ಇನ್ನೊಂದು, ಹೊಸ ವರ್ಷನ್‌ಗಳು ಎಸ್‌ಎಂಬಿ 1 ಅನ್ನೋ ಹಳೇ ಫೈಲ್ ಶೇರಿಂಗ್ ಪದ್ಧತಿನ ಭದ್ರತೆಗೋಸ್ಕರ ಆಫ್ ಮಾಡಿಬಿಡ್ತವೆ, ಆಗ ಹಳೇ ಎಕ್ಸ್‌ಪಿ ಸಿಸ್ಟಮ್ಮು, ಹಳೇ ಟಿವಿ ಬಾಕ್ಸು ಇವುಗಳಿಗೆ ನ್ಯಾಸ್ ಕಾಣಲ್ಲ, ಬೇರೆ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ರೆ ಎಲ್ಲಾ ಸರಿಯಾಗೇ ಇರತ್ತೆ.

ಅಡಾಪ್ಟರ್ ಕೂಡ ನೋಡಿ, ಇದನ್ನ ಯಾರೂ ನೋಡಲ್ಲ. ಎರಡು ಡಿಸ್ಕ್‌ನ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ 12 ವೋಲ್ಟ್ ಅಡಾಪ್ಟರ್ ಬರತ್ತೆ. ವರ್ಷಗಟ್ಟಲೆ ಆಫ್ ಆಗದೆ ಓಡಿರೋ ಅಡಾಪ್ಟರ್ ಒಳಗೆ ಸೋತಿರತ್ತೆ, ಹೇಗೋ ಓಡ್ತಾ ಇರತ್ತೆ, ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗೋವಾಗ ಎಲ್ಲಾ ಡಿಸ್ಕ್ ಒಟ್ಟಿಗೆ ತಿರುಗೋಕೆ ಶುರು ಮಾಡ್ತವಲ್ಲ, ಆ ಲೋಡ್ ತಡ್ಕೊಳಕ್ಕಾಗದೆ ಕುಸಿಯತ್ತೆ. ಮಲ್ಟಿಮೀಟರ್‌ನಲ್ಲಿ ಲೋಡ್ ಇಲ್ಲದೆ ನೋಡಿದ್ರೆ 12 ವೋಲ್ಟ್ ಸರಿಯಾಗೇ ತೋರಿಸತ್ತೆ, ನಂಬಬೇಡಿ. ಲೇಬಲ್ ಮೇಲಿರೋ ವೋಲ್ಟ್, ಪಿನ್ ಅದೇ ಇರಬೇಕು, ಆಂಪ್ಸ್ ಅಷ್ಟೇ ಅಥವಾ ಜಾಸ್ತಿ ಇರಬೇಕು, ಅಂಥ ಬೇರೆ ಅಡಾಪ್ಟರ್ ಹಾಕಿ ನೋಡಿ. ಅಪ್‌ಡೇಟ್‌ನಿಂದ ಕೆಟ್ಟಿದೆ ಅಂದ್ಕೊಂಡಿದ್ದು ಅಡಾಪ್ಟರ್ ಬದಲಾಯಿಸಿದ ತಕ್ಷಣ ಎದ್ದು ಕೂತಿರೋದು ಉಂಟು.

ಇಷ್ಟು ಮಾಡಿದ್ರೂ ಏಳ್ಲಿಲ್ಲ ಅಂದ್ರೆ ಈಗ ಡಿಸ್ಕ್‌ಗಳ ಕಡೆ ಹೋಗೋಣ. ನ್ಯಾಸ್ ಆಫ್ ಮಾಡಿ, ವೈರ್ ಕಿತ್ತು, ಡಿಸ್ಕ್ ತೆಗೆಯೋಕೆ ಮುಂಚೆ ಪರ್ಮನೆಂಟ್ ಮಾರ್ಕರ್ ತಗೊಂಡು ಪ್ರತಿ ಡಿಸ್ಕ್ ಮೇಲೆ 1, 2 ಅಂತ ನಂಬರ್ ಬರೀರಿ, ಎಡಗಡೆಯಿಂದ ಯಾವ ಸ್ಲಾಟ್ ಅಂತಾನೂ ಬರೀರಿ, ಮೊಬೈಲ್‌ನಲ್ಲಿ ಸೀರಿಯಲ್ ನಂಬರ್ ಕಾಣೋ ಹಾಗೆ ಫೋಟೋ ತೆಗೀರಿ. ಆಮೇಲೆ ಡಿಸ್ಕ್ ಇಲ್ಲದೆ ಖಾಲಿ ಪೆಟ್ಟಿಗೆನ ಆನ್ ಮಾಡಿ. ಖಾಲಿ ಪೆಟ್ಟಿಗೆ ನೆಟ್‌ವರ್ಕ್‌ನಲ್ಲಿ ಕಾಣಿಸ್ಕೊಂಡ್ರೆ ಬೋರ್ಡ್ ಚೆನ್ನಾಗಿದೆ, ತೊಂದರೆ ಡಿಸ್ಕ್ ಮೇಲಿರೋ ಸಿಸ್ಟಮ್ ಭಾಗದಲ್ಲಿ ಅಂತ ಅರ್ಥ. ಖಾಲಿ ಇದ್ರೂ ಏಳ್ಲಿಲ್ಲ ಅಂದ್ರೆ ಬೋರ್ಡೋ, ಅದರೊಳಗಿನ ಫ್ಲಾಶ್ ಚಿಪ್ಪೋ ಹೋಗಿರಬಹುದು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂತ ಸ್ವಲ್ಪ ಹೇಳ್ತೀನಿ, ಇದು ಅರ್ಥ ಆದ್ರೆ ಅರ್ಧ ಭಯ ಹೋಗತ್ತೆ. ಮನೆ ನ್ಯಾಸ್ ಒಳಗೆ ಬಹುತೇಕ ಓಡೋದು ಲಿನಕ್ಸೇ, ವಿಂಡೋಸ್ ತರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಸಿನಾಲಜಿಯವರು ಡಿಎಸ್‌ಎಂ ಅನ್ನೋ ತಮ್ಮ ಸಿಸ್ಟಮ್‌ನ ಪ್ರತಿ ಡಿಸ್ಕ್ ಮೇಲೂ ಒಂದು ಸಣ್ಣ ಪಾರ್ಟಿಷನ್ (ಡಿಸ್ಕ್‌ನಲ್ಲಿ ಬೇರೆ ಮಾಡಿದ ಭಾಗ) ಮಾಡಿ ಇಡ್ತಾರೆ, ಡಿಎಸ್‌ಎಂ 6ರ ಕಾಲದ್ದಾದ್ರೆ ಸುಮಾರು 2.4 ಜಿಬಿ, ಅದರ ಪಕ್ಕ 2 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಸಿಸ್ಟಮ್ ಬಳಸೋ ಜಾಗ), ಉಳಿದ ಪೂರ್ತಿ ಜಾಗ ನಿಮ್ಮ ಡೇಟಾ ಪಾರ್ಟಿಷನ್. ಕ್ಯೂನ್ಯಾಪ್‌ನಲ್ಲಿ ಬೂಟ್ ಆಗೋ ಭಾಗ ಪೆಟ್ಟಿಗೆ ಒಳಗಿನ ಫ್ಲಾಶ್‌ನಲ್ಲಿರತ್ತೆ. ಎರಡರಲ್ಲೂ ಅಪ್‌ಡೇಟ್ ಬರೆಯೋದು ಸಿಸ್ಟಮ್ ಜಾಗಕ್ಕೆ, ನಿಮ್ಮ ಫೋಟೋ ಇರೋ ಪಾರ್ಟಿಷನ್‌ಗೆ ಅದು ಕೈ ಹಾಕಲ್ಲ. ಮನೆ ಬೀಗ ಕೆಟ್ಟು ಕೂತಿದೆ, ಒಳಗಿನ ಸಾಮಾನು ಇಟ್ಟ ಜಾಗದಲ್ಲೇ ಇದೆ, ಅಷ್ಟೇ ವಿಷಯ. ಬೀಗ ತೆಗೆಯೋಕೆ ಅಂತ ಮನೆ ಕೆಡವಬಾರದು.

ಕೆಡವೋದು ಅಂದ್ರೆ ಏನು ಅಂತಾನೂ ಹೇಳಿಬಿಡ್ತೀನಿ. ಡಿಸ್ಕ್ ತೆಗೆದು ವಿಂಡೋಸ್ ಕಂಪ್ಯೂಟರ್‌ಗೆ ಹಾಕಿದ ತಕ್ಷಣ 'ಈ ಡಿಸ್ಕ್ ಉಪಯೋಗಿಸಬೇಕಾದ್ರೆ ಫಾರ್ಮ್ಯಾಟ್ ಮಾಡಬೇಕು' ಅಂತ ಒಂದು ಬಾಕ್ಸ್ ಬರಬಹುದು, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ್ರೆ 'ಇನಿಷಿಯಲೈಸ್ ಮಾಡ್ಲಾ' ಅಂತ ಕೇಳಬಹುದು. ಎರಡಕ್ಕೂ ಕ್ಯಾನ್ಸಲ್. ವಿಂಡೋಸ್‌ಗೆ ಲಿನಕ್ಸ್‌ನ ಇಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್ ಫಾರ್ಮ್ಯಾಟ್ ಓದಕ್ಕೆ ಬರಲ್ಲ, ಅದಕ್ಕೆ ಖಾಲಿ ಡಿಸ್ಕ್ ಅಂದ್ಕೊಂಡು ಕೇಳ್ತಾ ಇದೆ. ನ್ಯಾಸ್ ಪೇಜ್‌ನಲ್ಲೂ ಹಾಗೇ, ಎದ್ದ ಮೇಲೆ ಹೊಸದಾಗಿ ಸೆಟಪ್ ಮಾಡಿ ಅಂತ ಬಂದು, ಅದರಲ್ಲಿ 'ಡಿಸ್ಕ್‌ನಲ್ಲಿರೋ ಎಲ್ಲಾ ಡೇಟಾ ಅಳಿಸಿ ಹೋಗತ್ತೆ' ಅನ್ನೋ ಸಾಲು ಕಂಡ್ರೆ ಅಲ್ಲೇ ನಿಲ್ಲಿಸಿ, ಹಿಂದಕ್ಕೆ ಬನ್ನಿ. ಡಿಸ್ಕ್ ಜಾಗ ಅದಲು ಬದಲು ಮಾಡಿ ನೋಡೋದು, ಒಂದು ತೆಗೆದು ಹೊಸ ಡಿಸ್ಕ್ ಹಾಕಿ ರೀಬಿಲ್ಡ್ (ಅದಕ್ಕೆ ಡೇಟಾ ಮತ್ತೆ ತುಂಬೋದು) ಕೊಡೋದು, ಇವೂ ಈಗ ಬೇಡ.

ಗುಬ್ಬಿ ಗೇಟ್ ಹತ್ರ ಸ್ಟುಡಿಯೋ ಇಟ್ಟಿರೋ ಹುಡುಗ ಒಬ್ಬ ಫೋನ್ ಮಾಡಿದ್ದ, ಎರಡು 4 ಟಿಬಿ ಡಿಸ್ಕ್, ರೇಡ್ 1 (ಎರಡೂ ಡಿಸ್ಕ್‌ಗೆ ಒಂದೇ ಡೇಟಾ ಬರೆಯೋ ಜೋಡಣೆ), ಒಂದು ಸೀಸನ್‌ನ ಮದುವೆಗಳೆಲ್ಲಾ ಅದರಲ್ಲಿ, ಆಲ್ಬಂ ಇನ್ನೂ ಡಿಸೈನ್ ಆಗಿಲ್ಲ. 'ಅಣ್ಣಾ, ಫಾರ್ಮ್ಯಾಟ್ ಹೊಡೆದು ಆಮೇಲೆ ರಿಕವರಿ ಸಾಫ್ಟ್‌ವೇರ್ ಓಡಿಸಿದ್ರೆ ಎಲ್ಲಾ ಬರ್ತದಂತೆ, ಹೊಡೀಲಾ?' ಅಂದ. ಬೇಡಪ್ಪ, ಮೊದಲು ಡಿಸ್ಕ್ ಈಚೆ ತೆಗೆದು ಟೇಬಲ್ ಮೇಲೆ ಇಟ್ಟು ಒಂದು ಟೀ ಕುಡಿ ಅಂದೆ. ಹೆಂಗೂ ಸುಸ್ಥಿತಿಲಿ ಇರೋ ಡೇಟಾನ ಅಳಿಸಿ ಆಮೇಲೆ ಹುಡುಕೋದು ಯಾಕೆ? ಫಾರ್ಮ್ಯಾಟ್ ಆದ್ಮೇಲೆ ರಿಕವರಿ ಸಾಫ್ಟ್‌ವೇರ್ ತರೋ ಫೈಲ್‌ಗಳಿಗೆ ಎಷ್ಟೋ ಸಲ ಹೆಸರಿರಲ್ಲ, ಫೋಲ್ಡರ್ ಇರಲ್ಲ, ದೊಡ್ಡ ವಿಡಿಯೋ ತುಂಡಾಗಿರತ್ತೆ. ಯಾರ ಮದುವೆ ಯಾವುದು ಅಂತ ಸಾವಿರಾರು ಫೋಟೋದಲ್ಲಿ ಬೇರೆ ಮಾಡ್ತಾ ಕೂರಬೇಕು.

ಅವನ ಕೇಸನ್ನೇ ಇಟ್ಕೊಂಡು ಹೇಗೆ ಅಂತ ಹೇಳ್ತಾ ಹೋಗ್ತೀನಿ, ಯಾಕಂದ್ರೆ ಮನೆಗಳಲ್ಲಿ ಇರೋದು ಬಹುತೇಕ ಇದೇ ತರ ಎರಡು ಡಿಸ್ಕ್‌ನ ಸೆಟಪ್.

ಬೇಕಾಗಿರೋ ಸಾಮಾನು: ಸಾಟಾ ಪೋರ್ಟ್ (ಹಾರ್ಡ್ ಡಿಸ್ಕ್ ಕೇಬಲ್ ಹಾಕೋ ಜಾಗ) ಇರೋ ಡೆಸ್ಕ್‌ಟಾಪ್ ಒಂದು, 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ಒಂದು, ಕಾಪಿ ಹಾಕ್ಕೊಳಕ್ಕೆ ಡೇಟಾಗಿಂತ ದೊಡ್ಡದಾದ ಹೊಸ ಹಾರ್ಡ್ ಡಿಸ್ಕ್, ಮತ್ತೆ ಯುಪಿಎಸ್. ಹೊಸ ಡಿಸ್ಕ್‌ಗೆ ದುಡ್ಡು ಹಾಕೋಕೆ ಹಿಂದೆ ಮುಂದೆ ನೋಡಬೇಡಿ, ಅದೇ ಮುಂದೆ ನಿಮ್ಮ ಬ್ಯಾಕಪ್ ಡಿಸ್ಕ್ ಆಗತ್ತೆ. ಎಂ.ಜಿ. ರೋಡ್ ಕಡೆ ಸಿಗ್ಲಿಲ್ಲ ಅಂದ್ರೆ ಬೆಂಗಳೂರು ಎಸ್.ಪಿ. ರೋಡ್ ಇದ್ದೇ ಇದೆ, ಬೆಳಗ್ಗೆ ಟ್ರೈನ್‌ಗೆ ಹೋಗಿ ಸಂಜೆಗೆ ಬರಬಹುದು. ಲ್ಯಾಪ್‌ಟಾಪ್ ಮಾತ್ರ ಇದ್ರೆ ಯುಎಸ್‌ಬಿ ಟು ಸಾಟಾ ಡಾಕ್ ತಗೊಳಿ, 3.5 ಇಂಚಿನ ಡಿಸ್ಕ್‌ಗೆ ಬೇರೆ ಪವರ್ ಅಡಾಪ್ಟರ್ ಬರೋ ಡಾಕೇ ಬೇಕು, ಬರೀ ಯುಎಸ್‌ಬಿ ಕರೆಂಟ್ ಸಾಲಲ್ಲ. ಕೆಲವು ಡಾಕ್‌ಗಳು ಡಿಸ್ಕ್‌ನ ಸೆಕ್ಟರ್ ಸೈಜ್‌ನ ತಪ್ಪಾಗಿ ತೋರಿಸ್ತವೆ, ಆಗ ಪಾರ್ಟಿಷನ್ನೇ ಇಲ್ಲ ಅನ್ನೋ ಹಾಗೆ ಕಾಣತ್ತೆ, ಹಾಗಾದ್ರೆ ಡೇಟಾ ಹೋಯ್ತು ಅಂತ ಅಳಬೇಡಿ, ನೇರ ಸಾಟಾ ಕೇಬಲ್‌ನಲ್ಲಿ ಹಾಕಿ ನೋಡಿ. ಯುಎಸ್‌ಬಿ ಆದ್ರೆ 3.0 ಪೋರ್ಟ್‌ಗೇ ಹಾಕಿ, 4 ಟಿಬಿ ಪೂರ್ತಿ ತುಂಬಿದ್ರೆ ನೇರ ಸಾಟಾದಲ್ಲಿ ಏಳೆಂಟು ಗಂಟೆಲಿ ಮುಗಿಯೋದು ಹಳೇ 2.0 ಪೋರ್ಟ್‌ನಲ್ಲಿ ಒಂದು ದಿನ ದಾಟತ್ತೆ.

ಪೆನ್‌ಡ್ರೈವ್‌ಗೆ ಉಬುಂಟು ಅನ್ನೋ ಫ್ರೀ ಲಿನಕ್ಸ್ ಹಾಕಿ, ವಿಂಡೋಸ್‌ನಲ್ಲೇ ರೂಫಸ್ ಅನ್ನೋ ಫ್ರೀ ಸಾಫ್ಟ್‌ವೇರ್‌ನಿಂದ ಮಾಡಬಹುದು. ಕಂಪ್ಯೂಟರ್‌ನ ಒಳಗಿರೋ ನಿಮ್ಮ ವಿಂಡೋಸ್ ಡಿಸ್ಕ್ ಕೇಬಲ್ ಕಿತ್ತಿಟ್ಟುಬಿಡಿ, ಗೊಂದಲ ಕಮ್ಮಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 'ಟ್ರೈ ಉಬುಂಟು' ಒತ್ತಿ, 'ಇನ್‌ಸ್ಟಾಲ್' ಅಲ್ಲ.

ಈಗ ಇಡೀ ಕೆಲಸದಲ್ಲಿ ನಾನು ತುಂಬಾ ಬೆಲೆ ಕೊಡೋ ವಿಷಯ: ರೇಡ್ 1 ಆಗಿದ್ರೆ ಎರಡೂ ಡಿಸ್ಕ್‌ನಲ್ಲಿ ಅದೇ ಡೇಟಾ ಇರತ್ತೆ, ಹಾಗಾಗಿ ಒಂದೇ ಡಿಸ್ಕ್ ಕಂಪ್ಯೂಟರ್‌ಗೆ ಹಾಕಿ, ಇನ್ನೊಂದನ್ನ ಬೀರುವಲ್ಲಿ ಇಟ್ಟು ಬೀಗ ಹಾಕಿ. ಏನೇ ಎಡವಟ್ಟಾದ್ರೂ ಅದು ಮುಟ್ಟದೆ ಉಳಿದಿರತ್ತೆ. ರೇಡ್ 5 (ಮೂರು ಅಥವಾ ಹೆಚ್ಚು ಡಿಸ್ಕ್, ಒಂದು ಹೋದ್ರೂ ನಡೆಯೋದು) ಆದ್ರೆ ಒಂದು ಬಿಟ್ಟು ಉಳಿದಷ್ಟು ಡಿಸ್ಕ್‌ಗಳು ಒಟ್ಟಿಗೆ ಬೇಕು, ಇದ್ರೆ ಎಲ್ಲಾ ಹಾಕಿ. ರೇಡ್ 0 ಅಥವಾ ಜೆಬಿಒಡಿ (ನಕಲಿಲ್ಲದೆ ಡೇಟಾ ಎಲ್ಲಾ ಡಿಸ್ಕ್ ಮೇಲೆ ಹಂಚಿರೋದು) ಆದ್ರೆ ಪ್ರತಿಯೊಂದೂ ಬೇಕೇ ಬೇಕು, ಒಂದು ಕಮ್ಮಿಯಾದ್ರೂ ಪೂರ್ತಿ ಬರಲ್ಲ. ಸಿನಾಲಜಿಯವರದೇ ರೇಡ್ ಆದ ಎಸ್‌ಎಚ್‌ಆರ್ ಎರಡು ಡಿಸ್ಕ್‌ನಲ್ಲಿದ್ರೆ ರೇಡ್ 1ರ ಹಾಗೇ ಲೆಕ್ಕ.

ಕಾಪಿ ಶುರು ಮಾಡೋಕೆ ಮುಂಚೆ ಡಿಸ್ಕ್ ಆರೋಗ್ಯ ನೋಡಬೇಕು. ಉಬುಂಟುವಿನ 'ಡಿಸ್ಕ್ಸ್' ಅನ್ನೋ ಪ್ರೋಗ್ರಾಂನಲ್ಲೇ ಸ್ಮಾರ್ಟ್ ಡೇಟಾ ಅಂತ ಮೆನು ಇದೆ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಕೊಟ್ಟ ಜಾಗ), ಪೆಂಡಿಂಗ್ ಸೆಕ್ಟರ್ (ಓದಕ್ಕಾಗದೆ ಬಾಕಿ ಇರೋ ಜಾಗ) ಅನ್ನೋ ಎರಡು ಸಾಲು ಸೊನ್ನೆ ಇದ್ರೆ ಸದ್ಯಕ್ಕೆ ಪರವಾಗಿಲ್ಲ. ಪೆಂಡಿಂಗ್ ಏರ್ತಾ ಇದ್ರೆ ಆ ಡಿಸ್ಕ್ ಸಾಯ್ತಾ ಇದೆ, ಅಪ್‌ಡೇಟ್ ಫೇಲ್ ಆಗಿದ್ದೂ ಅದಕ್ಕೇ ಇರಬಹುದು. ಅಂಥದ್ದರಿಂದ ಫೈಲ್ ಫೈಲಾಗಿ ಎಳೀಬೇಡಿ, ಮೊದಲು ಡಿಡಿರೆಸ್ಕ್ಯೂ ಅನ್ನೋ ಟೂಲ್‌ನಿಂದ ಇಡೀ ಡಿಸ್ಕ್‌ನ ಇನ್ನೊಂದು ದೊಡ್ಡ ಡಿಸ್ಕ್‌ಗೆ ನಕಲು ಇಳಿಸಿ, ಆಮೇಲೆ ನಕಲಿನ ಮೇಲೆ ಕೆಲಸ ಮಾಡಿ. ಡಿಡಿರೆಸ್ಕ್ಯೂಗೆ ಮ್ಯಾಪ್ ಫೈಲ್ ಕೊಡೋದು ಮರೀಬೇಡಿ, ಅದಿದ್ರೆ ಮಧ್ಯದಲ್ಲಿ ಕರೆಂಟ್ ಹೋದ್ರೂ ನಿಂತ ಕಡೆಯಿಂದ ಮುಂದುವರಿಯತ್ತೆ, ಮತ್ತೆ ಮೊದಲನೇ ಸಲ ಚೆನ್ನಾಗಿರೋ ಭಾಗವನ್ನೆಲ್ಲಾ ಎತ್ಕೊಂಡು ಕೆಟ್ಟ ಜಾಗಕ್ಕೆ ಕೊನೇಲಿ ವಾಪಸ್ ಬರತ್ತೆ. ಯಾವುದು ಮೂಲ, ಯಾವುದು ನಕಲು ಅನ್ನೋದನ್ನ ಮಾತ್ರ ಎಂಟರ್ ಒತ್ತೋ ಮುಂಚೆ ಸೀರಿಯಲ್ ನಂಬರ್ ಇಟ್ಕೊಂಡು ಇನ್ನೊಬ್ಬರ ಕೈಲೂ ಓದಿಸಿ, ಇಲ್ಲಿ ಉಲ್ಟಾ ಆದ್ರೆ ವಾಪಸ್ ಬರೋ ದಾರಿ ಇಲ್ಲ.

ಡಿಸ್ಕ್ ಚೆನ್ನಾಗಿದ್ರೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ವಿಂಡೋ) ತೆಗೀರಿ. ಕಮಾಂಡ್‌ಗಳನ್ನ ಇಲ್ಲಿ ಓದೋ ತರ ಬರೆದಿದೀನಿ, ಟೈಪ್ ಮಾಡೋವಾಗ ಇಂಗ್ಲಿಷ್ ಸಣ್ಣ ಅಕ್ಷರ, ಎಲ್ಲಕ್ಕೂ ಮುಂದೆ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ) ಸೇರಿಸಿ. ಲೈವ್ ಉಬುಂಟುವಿನಲ್ಲಿ ರೇಡ್ ಜೋಡಿಸೋ ಟೂಲ್ ಇರದೇ ಇರಬಹುದು, ಇಂಟರ್‌ನೆಟ್ ಕನೆಕ್ಟ್ ಮಾಡಿ ಆಪ್ಟ್ ಇನ್‌ಸ್ಟಾಲ್ ಕೊಟ್ಟು ಎಂಡಿಎಡಿಎಂ, ಎಲ್‌ವಿಎಂ2 ಎರಡನ್ನೂ ಹಾಕ್ಕೊಳಿ. ಆಮೇಲೆ ಎಲ್‌ಎಸ್‌ಬಿಎಲ್‌ಕೆ ಅಂತ ಹೊಡೀರಿ, ಡಿಸ್ಕ್, ಪಾರ್ಟಿಷನ್‌ಗಳ ಪಟ್ಟಿ ಬರತ್ತೆ. ಆ ಹುಡುಗನ ಡಿಸ್ಕ್‌ನಲ್ಲಿ ಕಂಡಿದ್ದು ಹೀಗೆ: ಮೇಲೆ ಎಸ್‌ಡಿಬಿ ಅಂತ ಡಿಸ್ಕ್ ಹೆಸರು, ಎದುರಿಗೆ 3.6 ಟಿ ಅಂತ, 4 ಟಿಬಿ ಅಂತ ಮಾರೋ ಡಿಸ್ಕ್ ಲಿನಕ್ಸ್ ಲೆಕ್ಕದಲ್ಲಿ ಅಷ್ಟೇ ತೋರಿಸೋದು, ಕೆಳಗೆ ಕೊಂಬೆ ಕೊಂಬೆಯಾಗಿ ಮೂರು ಪಾರ್ಟಿಷನ್, 2.4 ಜಿ, 2 ಜಿ, ಕೊನೇದು 3.6 ಟಿ. ಆ ಮೂರನೇ ಸಾಲು ನೋಡಿ ಅವನ ಮುಖಕ್ಕೆ ರಕ್ತ ವಾಪಸ್ ಬಂತು. ಪಾರ್ಟಿಷನ್ ಟೇಬಲ್ ಹಾಗೇ ಇದೆ ಅಂದ್ರೆ ಡೇಟಾಗೆ ಹೋಗೋ ದಾರಿ ತೆರೆದೇ ಇದೆ.

ಮುಂದಿನದ್ದು ರೇಡ್ ಜೋಡಿಸೋದು. ಎಂಡಿಎಡಿಎಂಗೆ ಎರಡು ಹೈಫನ್ ಹಾಕಿ ಎಕ್ಸಾಮಿನ್ ಅಂತ ಕೊಟ್ಟು ಆ ದೊಡ್ಡ ಪಾರ್ಟಿಷನ್ ಹೆಸರು ಹಾಕಿದ್ರೆ, ಇದು ಯಾವ ರೇಡ್, ಎಷ್ಟು ಡಿಸ್ಕ್, ಇದು ಎಷ್ಟನೇದು, ಕೊನೇ ಸಲ ಯಾವಾಗ ಬರೆದಿದ್ದು ಎಲ್ಲಾ ತೋರಿಸತ್ತೆ, ಇದರಿಂದ ಡಿಸ್ಕ್‌ಗೆ ಏನೂ ಆಗಲ್ಲ. ಆಮೇಲೆ ಪ್ರಾಕ್ ಫೋಲ್ಡರ್‌ನಲ್ಲಿರೋ ಎಂಡಿಸ್ಟ್ಯಾಟ್ ಅನ್ನೋ ಫೈಲ್‌ನ ಕ್ಯಾಟ್ ಕೊಟ್ಟು ಓದಿ. ಅಲ್ಲಿ ಎಂಡಿ127 ಅನ್ನೋ ತರದ ಹೆಸರಲ್ಲಿ 'ಇನಾಕ್ಟಿವ್' ಅಂತ ಕೂತಿದ್ರೆ, ಒಂದೇ ಡಿಸ್ಕ್ ಇದೆ, ಜೊತೆಯವನು ಬರಲಿ ಅಂತ ಕಾಯ್ತಾ ಇದೆ ಅಂತ. ಅದನ್ನ ಎಂಡಿಎಡಿಎಂ ಸ್ಟಾಪ್ ಕೊಟ್ಟು ನಿಲ್ಲಿಸಿ, ಆಮೇಲೆ ಅಸೆಂಬಲ್, ರನ್, ರೀಡ್‌ಓನ್ಲಿ ಈ ಮೂರೂ ಸೇರಿಸಿ ಮತ್ತೆ ಕೊಡಿ, ಇವೆಲ್ಲಕ್ಕೂ ಮುಂದೆ ಎರಡೆರಡು ಹೈಫನ್. ರನ್ ಅಂದ್ರೆ ಜೊತೆ ಇಲ್ಲದಿದ್ರೂ ಶುರು ಮಾಡು, ರೀಡ್‌ಓನ್ಲಿ ಅಂದ್ರೆ ಒಂದು ಅಕ್ಷರಾನೂ ಬರೀಬೇಡ ಅಂತ. ಈಗ ಎಂಡಿಸ್ಟ್ಯಾಟ್ ನೋಡಿದ್ರೆ ಚೌಕದ ಬ್ರ್ಯಾಕೆಟ್ ಒಳಗೆ ಒಂದು ಯು, ಪಕ್ಕದಲ್ಲಿ ಒಂದು ಅಡಿಗೆರೆ ಕಾಣತ್ತೆ, ಯು ಅಂದ್ರೆ ಇರೋ ಡಿಸ್ಕ್, ಗೆರೆ ಅಂದ್ರೆ ಬೀರುವಲ್ಲಿ ಇರೋದು. ಅಷ್ಟು ಸಾಕು.

ದಯವಿಟ್ಟು ನೆನಪಿಟ್ಕೊಳಿ, ಅಸೆಂಬಲ್ ಬೇರೆ, ಕ್ರಿಯೇಟ್ ಬೇರೆ. ನೆಟ್‌ನಲ್ಲಿ ಹುಡುಕಿದ್ರೆ ಯಾರೋ ಕ್ರಿಯೇಟ್ ಕೊಟ್ಟೆ ಸರಿ ಹೋಯ್ತು ಅಂತ ಬರೆದಿರ್ತಾರೆ. ಕ್ರಿಯೇಟ್ ಅಂದ್ರೆ ಹಳೇ ರೇಡ್‌ನ ಗುರುತನ್ನ ಅಳಿಸಿ ಹೊಸದು ಬರೆಯೋದು, ಡಿಸ್ಕ್ ಕ್ರಮ, ಚಂಕ್ ಸೈಜ್ (ಡೇಟಾ ತುಂಡಿನ ಅಳತೆ) ಒಂದು ತಪ್ಪಿದ್ರೂ ಡೇಟಾ ಗೊಜ್ಜಾಗತ್ತೆ. ಆಮೇಲೆ ಸರಿಮಾಡಕ್ಕೆ ಬಂದೋರಿಗೂ ಹಳೇ ಗುರುತು ಸಿಗಲ್ಲ.

ರೇಡ್ ಎದ್ದ ಮೇಲೆ ಕೆಲವರಿಗೆ ನೇರವಾಗಿ ಮೌಂಟ್ ಆಗತ್ತೆ (ಫೋಲ್ಡರ್ ತರ ತೆರ್ಕೊಳತ್ತೆ), ಎಸ್‌ಎಚ್‌ಆರ್ ಇದ್ದೋರಿಗೆ ನಡುವೆ ಎಲ್‌ವಿಎಂ ಅನ್ನೋ ಇನ್ನೊಂದು ಪದರ ಇರತ್ತೆ. ಅದಕ್ಕೆ ವಿಜಿಚೇಂಜ್ ಹೈಫನ್ ಎವೈ ಕೊಡಿ, ಆಮೇಲೆ ಎಲ್‌ವಿಎಸ್ ಕೊಟ್ರೆ ವಾಲ್ಯೂಮ್ ಹೆಸರು ಕಾಣತ್ತೆ, ಸಿನಾಲಜಿಲಿ ಸಾಮಾನ್ಯವಾಗಿ ವಿಜಿ1000 ಒಳಗೆ ಎಲ್‌ವಿ ಅಂತಾನೋ ವಿಜಿ1 ಒಳಗೆ ವಾಲ್ಯೂಮ್ ಅಡಿಗೆರೆ 1 ಅಂತಾನೋ ಇರತ್ತೆ. ಮೌಂಟ್ ಮಾಡೋವಾಗ ಆರ್‌ಒ (ಓದೋಕೆ ಮಾತ್ರ) ಅನ್ನೋ ಆಪ್ಷನ್ ಬಿಡಲೇಬೇಡಿ. ಇಎಕ್ಸ್‌ಟಿ4 ಆದ್ರೆ ಅದರ ಪಕ್ಕ ಕಾಮಾ ಹಾಕಿ ನೋಲೋಡ್ ಅಂತಾನೂ ಸೇರಿಸಿ, ಯಾಕಂದ್ರೆ ಬರೀ ಆರ್‌ಒ ಕೊಟ್ರೆ ಅರ್ಧಕ್ಕೆ ನಿಂತ ಜರ್ನಲ್‌ನ (ಬದಲಾವಣೆಗಳ ಟಿಪ್ಪಣಿ) ಮುಗಿಸೋಕೆ ಅಂತ ಡಿಸ್ಕ್‌ಗೆ ಸ್ವಲ್ಪ ಬರೆಯೋಕೆ ನೋಡತ್ತೆ, ನೋಲೋಡ್ ಅದನ್ನೂ ತಡೆಯತ್ತೆ.

ಬಿಟಿಆರ್‌ಎಫ್‌ಎಸ್ ಆಗಿದ್ದು ಹೊಸ ಉಬುಂಟುವಿನಲ್ಲಿ ಮೌಂಟ್ ಆಗ್ತಿಲ್ಲ, ಏನೋ ಕರಪ್ಟ್ ಅಂತಿದೆ ಅಂದ್ರೆ ಹೆದರಬೇಡಿ, ರಿಪೇರಿ ಕಮಾಂಡ್ ಅಂತೂ ಓಡಿಸಲೇಬೇಡಿ. ಸಿನಾಲಜಿ ಬರೆದ ಬಿಟಿಆರ್‌ಎಫ್‌ಎಸ್‌ನ ಹೊಸ ಕರ್ನೆಲ್‌ಗಳು (ಲಿನಕ್ಸ್‌ನ ಒಳತಿರುಳು) ಎಷ್ಟೋ ಸಲ ಒಪ್ಪಲ್ಲ, 18.04ರಂಥ ಹಳೇ ಉಬುಂಟುವಿನಿಂದ ಬೂಟ್ ಮಾಡಿದ್ರೆ ಅದೇ ಡಿಸ್ಕ್ ಸುಮ್ನೆ ತೆರ್ಕೊಳತ್ತೆ.

ಒಂದೇ ಡಿಸ್ಕ್‌ನ ಹಳೇ ಪೆಟ್ಟಿಗೆಗಳಲ್ಲಿ ಇನ್ನೊಂದು ತರದ ತೊಡಕು. ಡಬ್ಲ್ಯೂಡಿ (ವೆಸ್ಟರ್ನ್ ಡಿಜಿಟಲ್) ಕಂಪನಿಯ ಮೈ ಬುಕ್ ಲೈವ್, ಮೊದಲ ತಲೆಮಾರಿನ ಮೈ ಕ್ಲೌಡ್ ಇವುಗಳಲ್ಲಿ ಇಎಕ್ಸ್‌ಟಿ4ನ ಬ್ಲಾಕ್ ಸೈಜ್ (ಫೈಲ್ ಇಡೋ ಒಂದೊಂದು ತುಂಡಿನ ಅಳತೆ) 64 ಕೆಬಿ, ನಮ್ಮ ಮಾಮೂಲಿ ಕಂಪ್ಯೂಟರ್‌ನಲ್ಲಿ ಹಳೇ ವರ್ಷನ್ ಲಿನಕ್ಸ್ 4 ಕೆಬಿ ಮೇಲಿರೋದನ್ನ ಮೌಂಟ್ ಮಾಡಲ್ಲ, 'ಬ್ಯಾಡ್ ಬ್ಲಾಕ್ ಸೈಜ್' ಅನ್ನತ್ತೆ. ಬ್ಯಾಡ್ ಅನ್ನೋ ಪದ ನೋಡಿ ಡಿಸ್ಕ್ ಕೆಟ್ಟಿದೆ ಅಂದ್ಕೋಬೇಡಿ, ಡಿಸ್ಕ್ ಸರಿಯಾಗಿದೆ. ಫ್ಯೂಸ್ ಇಎಕ್ಸ್‌ಟಿ2 ಅನ್ನೋದನ್ನ ಹಾಕ್ಕೊಂಡು ಓದಿದ್ರೆ ಓದತ್ತೆ, ನಿಧಾನ ಆಗತ್ತೆ ಅಷ್ಟೇ.

ಕ್ಯೂನ್ಯಾಪ್‌ನೋರಿಗೆ ನನ್ನ ಸಲಹೆ ಬೇರೆ. ಅವರು ಎಲ್‌ವಿಎಂನ ತಮಗೆ ಬೇಕಾದ ಹಾಗೆ ತಿದ್ದಿದಾರೆ, ಉಬುಂಟುವಿನಲ್ಲಿ ರೇಡ್ ಏನೋ ಏಳತ್ತೆ, ಅದರ ಮೇಲಿನ ವಾಲ್ಯೂಮ್ ತೆರೆಯೋಕೆ ಹೋದ್ರೆ 'ಟಿಯರ್ ಥಿನ್ ಪೂಲ್' ಅನ್ನೋದು ನನಗೆ ಗೊತ್ತಿಲ್ಲ ಅಂತ ನಿಂತ್ಕೊಳತ್ತೆ. ಇಂಥ ಕಡೆ ಗುದ್ದಾಡೋ ಬದಲು ಪರಿಚಯದೋರ ಹತ್ರ ಹೊಂದಾಣಿಕೆ ಆಗೋ ಇನ್ನೊಂದು ಕ್ಯೂನ್ಯಾಪ್ ಇದ್ರೆ, ಅವರ ಡಿಸ್ಕ್ ತೆಗೆದಿಟ್ಟು, ನಿಮ್ಮ ಡಿಸ್ಕ್‌ಗಳನ್ನ ಅದೇ ಕ್ರಮದಲ್ಲಿ ಹಾಕಿ ಎಬ್ಬಿಸೋದು ಒಳ್ಳೇದು, ಕಂಪನಿಯವರೇ ಮೈಗ್ರೇಷನ್ ಅಂತ ಇದಕ್ಕೆ ದಾರಿ ಇಟ್ಟಿದಾರೆ, ಯಾವ ಮಾಡೆಲ್‌ನಿಂದ ಯಾವ ಮಾಡೆಲ್‌ಗೆ ಆಗತ್ತೆ ಅಂತ ಅವರ ಸೈಟ್‌ನಲ್ಲಿ ಪಟ್ಟಿ ಇದೆ. ಸಿನಾಲಜಿಲೂ ಹೀಗೇ ಮಾಡಬಹುದು.

ಫೋಲ್ಡರ್‌ಗೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ್ರೆ ಆ ಪಾಸ್‌ವರ್ಡ್ ಅಥವಾ ಕೀ ಫೈಲ್ ಬೇಕೇ ಬೇಕು. ಇಲ್ಲದಿದ್ರೆ ಯಾವ ಲ್ಯಾಬ್‌ನೋರೂ ತೆಗೆಯಕ್ಕಾಗಲ್ಲ. ಸೆಟಪ್ ಮಾಡಿದ ದಿನ ಡೌನ್‌ಲೋಡ್ ಆದ ಕೀ ಫೈಲ್ ಹಳೇ ಲ್ಯಾಪ್‌ಟಾಪ್‌ನ ಡೌನ್‌ಲೋಡ್ಸ್‌ನಲ್ಲೋ ಮೇಲ್‌ನಲ್ಲೋ ಇರತ್ತೆ, ಹುಡುಕಿ.

ಕಮಾಂಡ್ ಎಲ್ಲಾ ನಮಗಾಗಲ್ಲಪ್ಪ ಅನ್ನೋರಿಗೆ ವಿಂಡೋಸ್‌ನಲ್ಲೂ ದಾರಿ ಇದೆ. ಒಂದೇ ಡಿಸ್ಕ್‌ನ ಇಎಕ್ಸ್‌ಟಿ4 ಆದ್ರೆ ಡಿಸ್ಕ್‌ಇಂಟರ್ನಲ್ಸ್ ಲಿನಕ್ಸ್ ರೀಡರ್ ಫ್ರೀಯಾಗಿ ಓದತ್ತೆ. ರೇಡ್ ಇದ್ರೆ ಯುಎಫ್‌ಎಸ್ ಎಕ್ಸ್‌ಪ್ಲೋರರ್, ಆರ್-ಸ್ಟುಡಿಯೋ ಇವು ತಾವೇ ರೇಡ್ ಗುರುತು ಹಿಡಿದು ಜೋಡಿಸ್ತವೆ. ದುಡ್ಡಿನ ಸಾಫ್ಟ್‌ವೇರ್‌ಗಳು, ಆದ್ರೆ ಟ್ರಯಲ್‌ನಲ್ಲೇ ಫೋಲ್ಡರ್, ಫೈಲ್ ಹೆಸರು ಕಾಣತ್ತೆ, ನಿಮ್ಮ ಫೋಲ್ಡರ್‌ಗಳು ಕಣ್ಣಾರೆ ಕಂಡ ಮೇಲೆ ದುಡ್ಡು ಕೊಡಿ. ಫಾರ್ಮ್ಯಾಟ್ ಪಾಪ್‌ಅಪ್‌ಗೆ ಕ್ಯಾನ್ಸಲ್ ಅನ್ನೋದು ಇಲ್ಲಿ ಪ್ರತಿ ಸಲಾನೂ ನೆನಪಿರಬೇಕು.

ಮೌಂಟ್ ಆಯ್ತು, ಫೋಲ್ಡರ್ ಕಾಣ್ತು, ಈಗ ಕಾಪಿ. ಉಬುಂಟುವಿನ ಫೈಲ್ ವಿಂಡೋದಲ್ಲಿ ಫೋಲ್ಡರ್ ಮೇಲೆ ಬೀಗದ ಚಿತ್ರ ಬಂದು ತೆರೆಯಲ್ಲ ಅನ್ನಬಹುದು, ಅದು ಪರ್ಮಿಷನ್ ವಿಷಯ, ಸುಡೋ ಹಾಕಿ ಆರ್‌ಸಿಂಕ್ ಅನ್ನೋ ಕಮಾಂಡ್‌ನಲ್ಲಿ ಕಾಪಿ ಮಾಡಿದ್ರೆ ಆಗತ್ತೆ. ಆರ್‌ಸಿಂಕ್ ಮಧ್ಯ ನಿಂತ್ರೆ ಅದೇ ಕಮಾಂಡ್ ಮತ್ತೆ ಕೊಡಿ, ಆಗಿರೋದನ್ನ ಬಿಟ್ಟು ಉಳಿದಿದ್ದು ಮಾಡತ್ತೆ. ಎಲ್ಲಕ್ಕಿಂತ ಮುಂಚೆ ತುಂಬಾ ಬೇಕಾದ ಫೋಲ್ಡರ್ ಕಾಪಿ ಮಾಡಿ, ಅಕ್ಷರಮಾಲೆ ಪ್ರಕಾರ ಹೋಗಬೇಡಿ. ಆ ಸ್ಟುಡಿಯೋದಲ್ಲಿ ಆಲ್ಬಂ ಕೊಡೋದು ಬಾಕಿ ಇದ್ದ ಮದುವೆಗಳು ಮೊದಲು, ಕೊಟ್ಟು ಮುಗಿಸಿದ್ದು ಕೊನೆಗೆ. ಹೊಸ ಡಿಸ್ಕ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರ್ಲಿ, ಹಳೇ ಫ್ಯಾಟ್32 ಆದ್ರೆ 4 ಜಿಬಿ ಮೇಲಿನ ವಿಡಿಯೋ ಹೋಗಲ್ಲ. ಸಿನಾಲಜಿಲಿ ಎಷ್ಟೋ ಫೋಲ್ಡರ್ ಒಳಗೆ ಅಟ್ ಇಎಡಿಐಆರ್ ಅಂತ ಒಂದಿರತ್ತೆ, ಅದು ಥಂಬ್‌ನೇಲ್‌ಗಳ ರಾಶಿ, ಬಿಟ್ಟುಬಿಡಿ, ಕಾಪಿ ಬೇಗ ಆಗತ್ತೆ. ಹ್ಯಾಶ್ ರೀಸೈಕಲ್ ಅನ್ನೋದು ನೀವು ಹಿಂದೆ ಡಿಲೀಟ್ ಮಾಡಿದ್ದು.

ಕಂಪ್ಯೂಟರ್ ಸ್ಲೀಪ್‌ಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಾಯಿಸಿ. ಪೆಟ್ಟಿಗೆಯಿಂದ ಈಚೆ ಬಂದ ಡಿಸ್ಕ್‌ಗೆ ಫ್ಯಾನ್ ಇರಲ್ಲ, ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ, ಅದರಲ್ಲೂ ಪಾವಗಡ, ಮಧುಗಿರಿ ಕಡೆ, ಮುಟ್ಟಿದ್ರೆ ಕೈ ಸುಡೋ ಅಷ್ಟು ಕಾಯತ್ತೆ. ಟೇಬಲ್ ಫ್ಯಾನ್ ನೇರವಾಗಿ ಬಿಡಿ.

ಕಾಪಿ ಮುಗಿದ ಮೇಲೆ ಜಿಬಿ ಲೆಕ್ಕ ಸರಿ ಇದೆ ಅಂತ ಎದ್ದು ಹೋಗಬೇಡಿ. ಪ್ರತಿ ಫೋಲ್ಡರ್‌ನಿಂದ ಒಂದೆರಡು ಫೋಟೋ ತೆರೆದು ನೋಡಿ, ದೊಡ್ಡ ವಿಡಿಯೋಗಳನ್ನ ಶುರು, ಮಧ್ಯ, ಕೊನೆ ಎಳೆದು ನೋಡಿ, ಟ್ಯಾಲಿ ಡೇಟಾ ಇದ್ರೆ ಟ್ಯಾಲಿಲಿ ತೆರೆದು ಕೊನೇ ಎಂಟ್ರಿ ನೋಡಿ. ಇದಾಗೋವರೆಗೂ ಹಳೇ ಡಿಸ್ಕ್ ನ್ಯಾಸ್‌ಗೆ ವಾಪಸ್ ಹೋಗಬಾರದು.

ಎಲ್ಲಿ ಕೈ ಎತ್ತಬೇಕು ಅನ್ನೋದೂ ಗೊತ್ತಿರಬೇಕು. ಡಿಸ್ಕ್ ಟಕ್ ಟಕ್ ಅಂತ ಬಡೀತಾ ಇದ್ರೆ, ತಿರುಗಿ ನಿಂತು ಮತ್ತೆ ತಿರುಗ್ತಾ ಇದ್ರೆ, ಬಯಾಸ್‌ನಲ್ಲೇ (ಕಂಪ್ಯೂಟರ್ ಆನ್ ಆಗೋವಾಗ ತೆರೆಯೋ ಸೆಟ್ಟಿಂಗ್ ಪರದೆ) ಕಾಣದಿದ್ರೆ, ರೇಡ್ 5ರಲ್ಲಿ ಎರಡು ಡಿಸ್ಕ್ ಒಟ್ಟಿಗೆ ಹೋಗಿದ್ರೆ, ಆಫ್ ಮಾಡಿ ಇಟ್ಟುಬಿಡಿ, ಇದು ಧೂಳಿಲ್ಲದ ರೂಮ್ ಇರೋ ಲ್ಯಾಬ್‌ನೋರ ಕೆಲಸ. ಫ್ರಿಜ್‌ನಲ್ಲಿ ಇಡಿ ಅನ್ನೋರ ಮಾತು ಕೇಳಬೇಡಿ, ಮುಚ್ಚಳ ಬಿಚ್ಚಿ ನೋಡ್ತೀನಿ ಅನ್ನೋರ ಕೈಗೆ ಕೊಡಬೇಡಿ. ಲ್ಯಾಬ್‌ಗೆ ಕೊಡೋವಾಗ ಏನೇನು ಮಾಡಿದ್ರಿ ಅಂತ ಮುಚ್ಚಿಡದೆ ಹೇಳಿ, ಅವರಿಗೆ ಅರ್ಧ ಕೆಲಸ ಉಳಿಯತ್ತೆ.

ಡೇಟಾ ಕೈಗೆ ಬಂದ್ಮೇಲೆ ಪೆಟ್ಟಿಗೆ ರಿಪೇರಿ ನಿಧಾನವಾಗಿ ಮಾಡಬಹುದು, ಈಗ ಭಯ ಇಲ್ಲ. ಸಿನಾಲಜಿಲಿ ಹಿಂದಿನ ರೀಸೆಟ್ ತೂತಿಗೆ ಪಿನ್ ಹಾಕಿ ನಾಲ್ಕು ಸೆಕೆಂಡ್, ಬೀಪ್ ಬಂದ ತಕ್ಷಣ ಬಿಟ್ಟು, ಹತ್ತು ಸೆಕೆಂಡ್ ಒಳಗೆ ಮತ್ತೆ ನಾಲ್ಕು ಸೆಕೆಂಡ್ ಒತ್ತಿದ್ರೆ ಮೂರು ಬೀಪ್ ಬರತ್ತೆ, ಆಮೇಲೆ ಡೇಟಾ ಉಳಿಸ್ಕೊಂಡು ಸಿಸ್ಟಮ್ ಮಾತ್ರ ಮತ್ತೆ ಹಾಕ್ಕೊಳಕ್ಕೆ ಪೇಜ್ ಕೇಳತ್ತೆ. ಫರ್ಮ್‌ವೇರ್ (ಪೆಟ್ಟಿಗೆಯ ಸಿಸ್ಟಮ್) ಫೈಲ್‌ನ ಕಂಪನಿ ಸೈಟ್‌ನಿಂದಲೇ, ಪೆಟ್ಟಿಗೆ ಕೆಳಗಿನ ಸ್ಟಿಕ್ಕರ್‌ನಲ್ಲಿರೋ ಮಾಡೆಲ್‌ಗೆ ಸರಿಯಾಗಿ ಇಳಿಸ್ಕೊಳಿ, ಕೊನೇಲಿ ಒಂದು ಪ್ಲಸ್ ಇದೆಯಾ ಇಲ್ವಾ ಅನ್ನೋದೂ ಲೆಕ್ಕ. ಒಂದನೇ ಡಿಸ್ಕ್‌ನಲ್ಲಿ ಎದ್ದು, ವಾಲ್ಯೂಮ್ ಡಿಗ್ರೇಡೆಡ್ (ಒಂದು ಡಿಸ್ಕ್ ಕಮ್ಮಿ ಇದೆ) ಅಂತ ತೋರಿಸಿ, ಫೋಲ್ಡರ್ ಎಲ್ಲಾ ಬಂದ ಮೇಲೇ ಬೀರುವಿನ ಡಿಸ್ಕ್ ಈಚೆ ತೆಗೆದು ಹಾಕಿ ರಿಪೇರ್ ಕೊಡಿ, 4 ಟಿಬಿ ಆದ್ರೆ ರಾತ್ರಿ ಪೂರ್ತಿ ಹಿಡಿಯತ್ತೆ.

ಇನ್ನು ಮುಂದಿನ ಅಪ್‌ಡೇಟ್ ವಿಷಯ. ಹೆದರಿ ಅಪ್‌ಡೇಟೇ ಬೇಡ ಅಂತ ಬಿಡಬೇಡಿ. 2021ರ ಜೂನ್‌ನಲ್ಲಿ ಮೈ ಬುಕ್ ಲೈವ್ ಇಟ್ಟಿದ್ದ ಎಷ್ಟೋ ಜನರ ಡೇಟಾ ಇಂಟರ್‌ನೆಟ್ ಮೂಲಕ ಯಾರೋ ಒಳಗೆ ನುಗ್ಗಿ ರೀಸೆಟ್ ಮಾಡಿದ್ರಿಂದ ಅಳಿಸಿಹೋಯ್ತು, 2015ರ ಮೇಲೆ ಅದಕ್ಕೆ ಅಪ್‌ಡೇಟೇ ಬಂದಿರಲಿಲ್ಲ. ಅಲ್ಲಿ ಎರಡನೇ ಡಿಸ್ಕ್ ಇದ್ದಿದ್ರೂ ಎರಡರಲ್ಲೂ ಒಟ್ಟಿಗೆ ಅಳಿಸೋದು, ಅದಕ್ಕೇ ರೇಡ್‌ನ ಬ್ಯಾಕಪ್ ಅನ್ನಬಾರದು. ಈಗ ತಗೊಂಡ ಹೊಸ ಡಿಸ್ಕ್‌ಗೆ ವಾರಕ್ಕೊಂದ್ಸಲ ಕಾಪಿ ಹಾಕಿ, ಕಾಪಿ ಆದ್ಮೇಲೆ ಕೇಬಲ್ ಕಿತ್ತು ಬೇರೆ ಕಡೆ ಇಡಿ, ಸ್ಟುಡಿಯೋದ್ದು ಮನೇಲಿ, ಮನೇದು ಅಣ್ಣನ ಮನೇಲೋ ಅಂಗಡೀಲೋ.

ಸ್ಟುಡಿಯೋದವರು ಅಪ್‌ಡೇಟ್‌ನ ಆಷಾಢಕ್ಕೆ ಇಟ್ಕೊಳಿ, ಮದುವೆ ಇರಲ್ಲ, ಎರಡು ದಿನ ನಿಂತ್ರೂ ಯಾರೂ ಫೋನ್ ಮಾಡಲ್ಲ. ದೊಡ್ಡ ವರ್ಷನ್ ಬಂದ ದಿನವೇ ಹಾಕಬೇಡಿ, ಒಂದೆರಡು ತಿಂಗಳು ಬಿಟ್ಟು ತಿದ್ದುಪಡಿ ಬಂದ ಮೇಲೆ ಹಾಕಿ, ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ತಡ ಮಾಡಬೇಡಿ. ಹಾಕೋ ಮುಂಚೆ ಕಂಟ್ರೋಲ್ ಪ್ಯಾನೆಲ್‌ನಿಂದ ಕಾನ್ಫಿಗರೇಷನ್ ಬ್ಯಾಕಪ್ ಇಳಿಸ್ಕೊಳಿ, ಸ್ಮಾರ್ಟ್ ಟೆಸ್ಟ್ ಓಡಿಸಿ, ಒಂದು ಸಲ ಸುಮ್ನೆ ರೀಸ್ಟಾರ್ಟ್ ಮಾಡಿ ಸರಿಯಾಗಿ ಏಳತ್ತಾ ನೋಡಿ, ಹಳೇ ಅಡಾಪ್ಟರ್‌ನ ದೌರ್ಬಲ್ಯ ಇಲ್ಲೇ ಗೊತ್ತಾಗತ್ತೆ. ನ್ಯಾಸು, ರೌಟರ್ ಎರಡೂ ಯುಪಿಎಸ್ ಮೇಲಿರ್ಲಿ, ಮನೆ ಇನ್ವರ್ಟರ್ ಕೆಲವು ಬದಲಾಗೋ ಕ್ಷಣದಲ್ಲಿ ಕಣ್ಣು ಮಿಟುಕಿಸಿದ್ರೂ ಸಾಕು ಪೆಟ್ಟಿಗೆ ರೀಸ್ಟಾರ್ಟ್ ಆಗಿಬಿಡತ್ತೆ. ಅಪ್‌ಡೇಟ್ ಒತ್ತಿದ ಮೇಲೆ ಆ ಸ್ವಿಚ್‌ಬೋರ್ಡ್ ಮೇಲೆ 'ಆಫ್ ಮಾಡಬೇಡಿ' ಅಂತ ದಪ್ಪಗೆ ಬರೆದ ಚೀಟಿ ಅಂಟಿಸಿ, ಕಸ ಗುಡಿಸೋಕೆ ಬರೋರಿಗೂ ಬಾಯಲ್ಲಿ ಹೇಳಿ, ಲಾಗಿನ್ ಪೇಜ್ ಬಂದು ವಾಲ್ಯೂಮ್ ಹೆಲ್ದಿ ಅಂತ ತೋರಿಸೋವರೆಗೂ ಚೀಟಿ ಅಲ್ಲೇ ಇರ್ಲಿ.